ಕೈ ಕೊಟ್ಟ ಕೈ

ಬಣ್ಣಗಾರನ ಹತ್ತಿರ ಥರ್ಮಾಮೀಟರ್ ಇರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಅವನಿಗೆ ಅದು ಬೇಕು ಅನ್ನಿಸಿರಲೂ ಇಲ್ಲ. ಹಂಡೆಯನ್ನು ಕೋಲಿನಿಂದ ಮೂರು ಸುತ್ತು ಕಲಕಿ, ಬೆರಳು ಅದ್ದಿ ತೆಗೆದು, "ಇನ್ನೊಂದು ಚೂರು ಕಾಯ್ಲಿ" ಅನ್ನುತ್ತಿದ್ದ. ಅವನು ಹೇಳಿದಷ್ಟೇ ಕಾಯಿಸಿದರೆ ಬಣ್ಣ ನೂಲಿಗೆ ಕಚ್ಚಿಕೊಳ್ಳುತ್ತಿತ್ತು. ಬೆರಳಿಗೂ ಕಚ್ಚಿಕೊಂಡಿತ್ತು. ಎರಡೂ ಕೈ ಉಗುರಿನ ತನಕ ನೀಲಿ.

"ನನ್ನ ಕೈಯೇ ಥರ್ಮಾಮೀಟರ್" ಅನ್ನುವುದು ಅವನ ದಿನದ ಮಾತು.

"ಹಾಗಾದ್ರೆ ಬಾಯಿ ಏನು, ರೇಡಿಯೋನಾ?" ಅನ್ನುವುದು ಹೆಂಡತಿಯ ದಿನದ ಉತ್ತರ.

ಅಂದು ರಜಾದಿನ. ಚಳಿಗಾಲ ಮುಗಿದು ಮೊದಲ ಸಲ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಯ ತಗಡಿನ ಮಾಡು ಟಕಟಕ ಸದ್ದು ಮಾಡುತ್ತಿತ್ತು. ಮಗಳಿಗೆ ಬೆಳಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಚಳಿಗಾಲವಿಡೀ ಈಜುಕೊಳದಲ್ಲಿ ಈಜು ಕಲಿತಿದ್ದಳು. ಮೊದಲ ಬಿಸಿಲಿನ ದಿನ ಅಪ್ಪ ಮಗಳು ಕೆರೆಯೊಳಕ್ಕೆ ಚಾಚಿದ ಮರದ ಕಟ್ಟೆಯಿಂದ ನಡುನೀರಿನ ತೇಲುಹಲಗೆಯವರೆಗೆ ಈಜುವುದು ಎಂದು ಮಾತಾಗಿತ್ತು.

ಅಷ್ಟರಲ್ಲಿ ಮೀನಕ್ಕ ಬಂದಳು. ಅದು ಅವಳ ಹೆಸರಲ್ಲ. ದಿನದ ಅರ್ಧ ಹೊತ್ತು ನೀರಲ್ಲೇ ನಿಂತು ಮಕ್ಕಳಿಗೆ ಈಜು ಕಲಿಸುವವಳಿಗೆ ಊರು ಕೊಟ್ಟ ಹೆಸರು. ಕೆರೆಯ ಕಟ್ಟೆಗೆಂದು ಉದ್ದದ ಹಗ್ಗವೊಂದಕ್ಕೆ ಕೆಂಪು ಬಣ್ಣ ಹಾಕಲು ಕೊಟ್ಟಿದ್ದಳು.

"ತಗೋ ಮೀನಕ್ಕ. ಯಾರನ್ನ ಕಟ್ಟಿಹಾಕೋಕೆ ಇದು?"

"ನಿನ್ನಂಥೋರನ್ನ ಎಳೆಯೋಕೆ. ಕೆರೆಗೆ ಹೋಗ್ತೀರಂತೆ? ದಂಡೆಗುಂಟ ಈಜಿ, ಸಾಕು. ಕಟ್ಟೆ ತುದಿಯಿಂದ ಜಿಗಿಯೋದಂತೂ ಬೇಡವೇ ಬೇಡ."

"ಯಾಕೆ, ಮೊಸಳೆ ಬಂದಿದ್ಯಾ?"

"ಚಳಿಗಾಲ ಇನ್ನೂ ಹೋಗಿಲ್ಲ."

"ಹೋಗಿಲ್ವಾ? ನೋಡು, ಹೆಂಗೆ ಬೆವರ್ತಿದೀನಿ!"

"ಬೆವರ್ತಿರೋದು ನೀನು, ಕೆರೆ ಅಲ್ಲ. ಗಾಳಿ ಒಂದೇ ದಿನಕ್ಕೆ ಕಾಯುತ್ತೆ. ಅಷ್ಟು ದೊಡ್ಡ ಕೆರೆ ಕಾಯೋಕೆ ವಾರಗಟ್ಟಲೆ ಬೇಕು. ಬೆಳಿಗ್ಗೆ ತುದೀಲಿ ದಾರಕ್ಕೆ ಥರ್ಮಾಮೀಟರ್ ಕಟ್ಟಿ ಬಿಟ್ಟಿದ್ದೆ. ಮೇಲೆ ಹದಿನೆಂಟು, ಎರಡಾಳು ಕೆಳಗೆ ಹತ್ತು."

"ಹತ್ತೋ ಹದಿನೆಂಟೋ, ನನ್ನ ಕೈ ಹೇಳುತ್ತೆ ಬಿಡು."

ಮೀನಕ್ಕ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಕೆರೆಗೆ ಹೋಗಿ ಕಟ್ಟೆಯ ತುದಿಯ ಕಂಬಕ್ಕೆ ಅದನ್ನು ಕಟ್ಟಿ, ಇನ್ನೊಂದು ತುದಿಗೆ ಖಾಲಿ ಡಬ್ಬವೊಂದನ್ನು ಬಿಗಿದಳು.

ಗಂಡ, ಹೆಂಡತಿ, ಮಗಳು ಮೂವರೂ ಬಂದಾಗ ಕೆರೆ ಹೊಸ ತಟ್ಟೆಯಂತೆ ಹೊಳೆಯುತ್ತಿತ್ತು. ಬಣ್ಣಗಾರ ದಂಡೆಯ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು ನಾಲ್ಕು ಬೆರಳು ಅದ್ದಿದ.

"ಉಗುರುಬೆಚ್ಚಗೆ!"

"ಅಪ್ಪ, ಇಲ್ಲಿ ನೀರು ಮೊಣಕಾಲಷ್ಟೂ ಇಲ್ಲ. ಮೀನಕ್ಕ ಹೇಳಿದ್ದು ಆ ತುದೀದು."

"ಒಂದೇ ಕೆರೆ, ಒಂದೇ ನೀರು ಮಗಳೇ. ಬಾ!"

ಕನ್ನಡಕ ತೆಗೆಯಲಿಲ್ಲ, ಹೆಗಲ ಮೇಲಿನ ಟವೆಲ್ ತೆಗೆಯಲಿಲ್ಲ. ಮರದ ಹಲಗೆಗಳ ಮೇಲೆ ದಡದಡ ಓಡಿದ. ಎಡಗಾಲಿನ ಚಪ್ಪಲಿ ಅವನಿಗಿಂತ ಮೊದಲೇ ನೀರಿಗೆ ಹಾರಿತು. ಹಿಂದೆಯೇ ಅವನು.

ಒಂದು ಮೊಳದವರೆಗೆ ನೀರು ಹಿತವಾಗಿತ್ತು. ಅದರ ಕೆಳಗಿದ್ದದ್ದು ನೀರಲ್ಲ, ಹಲ್ಲು. ಎದೆಯನ್ನು ಕಚ್ಚಿತು. ಬಾಯಿ ತಾನಾಗಿ ತೆರೆದು ಗುಟುಕು ನೀರು ಒಳಗೆ ಹೋಯಿತು. ಮೇಲೆ ಬಂದ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕಟ್ಟೆ ನಾಲ್ಕು ಮಾರು ದೂರ. ಇದೇ ಕೆರೆಯಲ್ಲಿ ಈಜಿ ಬೆಳೆದವನಿಗೆ ಆ ನಾಲ್ಕು ಮಾರು ಆಗಲಿಲ್ಲ. ಕೈ ಬಡಿದಷ್ಟೂ ಮುಳುಗುತ್ತಿದ್ದ.

ಕಟ್ಟೆಯ ಅಂಚಿನಲ್ಲಿ ಮಗಳು ನಿಂತಿದ್ದಳು. ಒಂದು ಕಾಲು ಎತ್ತಿದ್ದಳು. ಬೇಡ ಅನ್ನಬೇಕು ಅಂದುಕೊಂಡ. ಅನ್ನಲು ಉಸಿರಿರಲಿಲ್ಲ. ಅವಳೂ ಹಾರಿದರೆ ಇಬ್ಬರೂ ಹೋದಂತೆ.

ಆ ಕಾಲು ಹಿಂದಕ್ಕೆ ಹೋಯಿತು.

"ಅಪ್ಪಾ! ಈಜಬೇಡ! ಅಂಗಾತ ಮಲ್ಕೋ! ಆಕಾಶ ನೋಡು!"

ಜನ್ಮದಲ್ಲಿ ಮೊದಲ ಸಲ ಅವನು ಮಗಳು ಹೇಳಿದ್ದನ್ನು ವಾದವಿಲ್ಲದೆ ಕೇಳಿದ. ತಲೆ ಹಿಂದಕ್ಕೆ ಚೆಲ್ಲಿ, ಕೈಕಾಲು ಅಗಲಿಸಿದ. ಮೈ ತೇಲಿತು. ಕಿವಿಯಲ್ಲಿ ನೀರು, ಕಣ್ಣಲ್ಲಿ ಬಿಸಿಲು. ಒಂದು ನಿಮಿಷವೋ ಒಂದೂವರೆಯೋ, ಏದುಸಿರು ಇಳಿಯಿತು, ಉಸಿರು ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಡಬ್ಬ ಪಕ್ಕದಲ್ಲಿ ಪಟ್ ಎಂದು ಬಿತ್ತು. ಅದರ ಹಿಂದೆ ಕೆಂಪು ಹಗ್ಗ. ಅವನೇ ಬಣ್ಣ ಹಾಕಿದ್ದು.

"ಹಿಡ್ಕೋ ಅಪ್ಪಾ, ಬಿಡಬೇಡ!"

ಮಗಳು ಹೊಟ್ಟೆಯ ಮೇಲೆ ಮಲಗಿ ಎಳೆದಳು. ದಂಡೆಯಿಂದ ಓಡಿಬಂದ ಮೀನಕ್ಕನೂ ಎಳೆದಳು. ಬಣ್ಣಗಾರ ಹಲಗೆಯ ಮೇಲೆ ಬಂದು ಬಿದ್ದ.

"ಅಯ್ಯೋ, ಬೆರಳೆಲ್ಲ ನೀಲಿಯಾಗಿದೆ!" ಹೆಂಡತಿ ಕಿರುಚಿದಳು.

"ಅದು ನಿನ್ನ ಮದುವೆ ದಿನಾನೂ ನೀಲೀನೇ ಇತ್ತು. ತುಟಿ ನೋಡು, ತುಟಿ!" ಅಂದಳು ಮೀನಕ್ಕ.

ತುಟಿಯೂ ನೀಲಿಯಾಗಿತ್ತು. ಹೆಂಡತಿ ಅಂಗಾಲು ತಿಕ್ಕಲು ಹೋದಳು.

"ತಿಕ್ಕಬೇಡ. ಬಿಸಿನೀರೂ ಸುರೀಬೇಡ. ಒದ್ದೆ ಬಟ್ಟೆ ತೆಗಿ, ಮೈ ಒರೆಸು, ಕಂಬಳಿ ಹೊದಿಸು. ನಿಧಾನಕ್ಕೆ ಕಾಯ್ಲಿ. ಆಮೇಲೆ ಸೀದಾ ಡಾಕ್ಟರ ಹತ್ರ. ನೀರು ಒಳಗೆ ಹೋಗಿದೆ."

ಕಂಬಳಿಯೊಳಗಿಂದ ಬಣ್ಣಗಾರ ಕೇಳಿದ, "ನನ್ನ ಕೈ ಸುಳ್ಳು ಹೇಳ್ತಾ?"

"ಸುಳ್ಳಲ್ಲಪ್ಪ," ಅಂದಳು ಮೀನಕ್ಕ. " ಮೆಟ್ಟಿಲ ಹತ್ರದ ನೀರಿನ ಸತ್ಯ ಹೇಳ್ತು. ಹಂಡೆ ಕಲಕದೆ ನೀನು ಕೈ ಅದ್ದುತ್ತೀಯಾ?"

"ಯಾವತ್ತೂ ಇಲ್ಲ. ಮೇಲೊಂದು ಬಿಸಿ, ತಳಕ್ಕೊಂದು ಬಿಸಿ ಇರುತ್ತೆ."

"ಈ ಕೆರೆನ ಯಾರು ಕಲಕಿದ್ರು?"

ಬಣ್ಣಗಾರ ಕಂಬಳಿಯನ್ನು ಬಾಯಿ ಮುಚ್ಚುವಷ್ಟು ಮೇಲಕ್ಕೆ ಎಳೆದುಕೊಂಡ.

"ಕೈ ಕೈಕೊಟ್ಟಿದ್ದೂ ಒಳ್ಳೇದೇ ಆಯ್ತು. ರೇಡಿಯೋ ನಿಂತಿತು," ಅಂದಳು ಹೆಂಡತಿ. ಅಂದವಳೇ ಬಿಕ್ಕಿ ಅತ್ತಳು.

ಡಾಕ್ಟರು ಒಂದು ದಿನ ಇರಿಸಿಕೊಂಡು ಕಳಿಸಿದರು. ಬರುವ ದಾರಿಯಲ್ಲೇ ಬಣ್ಣಗಾರ ಥರ್ಮಾಮೀಟರ್ ಕೊಂಡ. ದಾರಕ್ಕೆ ಮೊಳಕ್ಕೊಂದು ಗಂಟು ಹಾಕಿ ದಿನಾ ಬೆಳಿಗ್ಗೆ ಕೆರೆಗೆ ಇಳಿಬಿಟ್ಟ. ಸಿಕ್ಕ ಅಂಕಿಯನ್ನು ಕಟ್ಟೆಯ ಹಲಗೆಯ ಮೇಲೆ ಬರೆದ. ಹನ್ನೊಂದು. ಹದಿಮೂರು. ಗಾಳಿ ಬೀಸಿದ ಮರುದಿನ ಮತ್ತೆ ಹನ್ನೊಂದು. ಮಗಳು ದಿನಾ ಕೇಳಿದಳು, "ಇವತ್ತು?" "ಇನ್ನೊಂದು ಚೂರು ಕಾಯ್ಲಿ." ಏಳನೆಯ ವಾರ ಎರಡಾಳು ಕೆಳಗೂ ಇಪ್ಪತ್ತೊಂದು! ಓಡಿಬಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಇಬ್ಬರೂ ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಮುಖಕ್ಕೆ, ಎದೆಗೆ ನೀರು ಎರಚಿಕೊಂಡು, ಉಸಿರು ನೆಟ್ಟಗಿದೆಯೇ ನೋಡಿಕೊಂಡು, ಕೆಂಪು ಹಗ್ಗದ ಹತ್ತಿರ ಮೀನಕ್ಕನನ್ನು ನಿಲ್ಲಿಸಿ ಈಜಿದರು. ತೇಲುಹಲಗೆಯನ್ನು ಮೊದಲು ಮುಟ್ಟಿದ್ದು ಮಗಳು. ಅಪ್ಪ ಹತ್ತು ಮಾರು ಹಿಂದೆ.

ನಿಮ್ಮೂರಿನ ಕೆರೆಗೂ ಇಂಥ ಮೊದಲ ಬಿಸಿಲು ಬರುತ್ತದೆ. ಬೆವರು ನೋಡಿ ಜಿಗಿಯಬೇಡಿ, ನೀರನ್ನು ಅಳೆದು ಮೆಲ್ಲಗೆ ಇಳಿಯಿರಿ. ಒಬ್ಬರೇ ಇಳಿಯಬೇಡಿ. ಉಸಿರು ಕಟ್ಟಿದರೆ ಈಜಬೇಡಿ, ಅಂಗಾತ ತೇಲಿ. ಇನ್ನೊಬ್ಬರು ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ, ಜನರನ್ನು ಕೂಗಿ, ಹಗ್ಗವನ್ನೋ ಕೋಲನ್ನೋ ತೇಲುವ ಡಬ್ಬವನ್ನೋ ಕೊಡಿ. ನಿಮ್ಮ ಕೆರೆಯ ದಂಡೆಯಲ್ಲಿ ಹಗ್ಗ ಇದೆಯೇ? ಇವತ್ತೇ ಹೋಗಿ ನೋಡಿ. ಇಲ್ಲದಿದ್ದರೆ ಕಟ್ಟಿ.

ಬಣ್ಣಗಾರನ ಮನೆಯವರು ಆ ದಿನ ಕಳೆದುಕೊಂಡದ್ದು ಒಂದು ಕನ್ನಡಕ, ಒಂದು ಟವೆಲ್, ಎಡಗಾಲಿನ ಒಂದು ಚಪ್ಪಲಿ. ಜೀವ ಒಂದೂ ಇಲ್ಲ.