ಪಟ್ಟಿಯಲ್ಲಿ ಹನ್ನೊಂದು ಆಯಾಗಳು

"ಏಯ್, ಅಲ್ಲೇ ನಿಲ್ಲೇ! ಒಳಗೆ ಕಾಲಿಟ್ರೆ ಕಾಲ್ ಮುರಿದ್ಬಿಡ್ತೀನಿ. ಯಾವ್ಯಾವ ಕೊಚ್ಚೇಲಿ ಬಿದ್ದೆದ್ದು ಬಂದಿದೀಯೋ ಮುಂಡೇದೆ. ರಾಮು, ಮೊದ್ಲು ಹೊಡಿಯೋ ಇವಳಿಗೆ."

ಕಾವಲುಗಾರ ರಾಮು, ಗುಲಾಬಿ ಗಿಡಗಳಿಗೆ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಗೇಟಿನ ಪಕ್ಕ ನಿಂತಿದ್ದ. "ಕಣ್ ಮುಚ್ಕೊ ಜಟ್ಟೆಮ್ಮಾ" ಎಂದು ಮಾಸ್ಕಿನೊಳಗೇ ಗೊಣಗಿ, ಕೊಳವೆಯನ್ನು ಅವಳ ಕಾಲಿನಿಂದ ಕುತ್ತಿಗೆಯವರೆಗೆ ಆಡಿಸಿದ. ಬ್ಲೀಚಿಂಗ್ ಪುಡಿಯ ನೀರು. ಹದಿನಾಲ್ಕು ತಿಂಗಳ ಮೇಲೆ ಇವತ್ತೇ ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದ ನೀಲಿ ಸೀರೆ ಮೈಗೆ ಅಂಟಿಕೊಂಡಿತು. ಹೊರಮಾವಿನಿಂದ ನಡೆದೇ ಬಂದವಳು ಅವಳು. ಲಾಕ್‌ಡೌನಿನಲ್ಲಿ ಬಸ್ಸಿಲ್ಲ, ಆಟೋ ಇಲ್ಲ. ಲಿಂಗರಾಜಪುರದ ಸೇತುವೆಯ ಹತ್ತಿರ ಪೊಲೀಸರು ಲಾಠಿ ಅಡ್ಡ ಹಿಡಿದಾಗ ಶಾಲೆಯ ಕಾರ್ಡು ತೋರಿಸಿ ಪಾರಾಗಿದ್ದಳು.

ಅವಳ ಹಿಂದೆಯೇ ಒಂದು ಬಿಳಿ ಕಾರು ಬಂದು ನಿಂತಿತು. ಬೈಯುತ್ತಿದ್ದ ಜಗದೀಶ್, ಶಾಲೆಯ ಆಡಳಿತವೆಲ್ಲ ನೋಡಿಕೊಳ್ಳುವವನು, ಮೆಟ್ಟಿಲಿಳಿದು ಓಡಿಬಂದ. ಕಾರಿನಿಂದಿಳಿದ ಹೆಂಗಸಿನ ಅಂಗೈಗೆ ಪುಟ್ಟ ಬಾಟಲಿಯಿಂದ ಎರಡು ಹನಿ ಬಿಟ್ಟು, "ಬನ್ನಿ ಮೇಡಂ, ಬನ್ನಿ, ಎಲ್ಲಾ ರೆಡಿ ಇದೆ" ಎಂದು ಕರೆದೊಯ್ದ. ಆಕೆ ಪ್ರಿಯಾ, ಶಾಲೆಯ ಮಾಲೀಕ ಚಿಕ್ಕವೆಂಕಟಪ್ಪನವರ ಸೊಸೆ. ಜಟ್ಟೆಮ್ಮ ಕಣ್ಣೊರೆಸಿಕೊಂಡು ನೋಡಿದಳು. ಇಂಥವರಿಗೆ ಈ ಮುಚ್ಚಿದ ಸಾಲಿಯಾಗ ಏನ್ ಕೆಲಸ ಅಂತ ಅವಳಿಗೆ ಆಗಲೇ ಮನಸ್ಸಿಗೆ ಬಂತು.

ಸಂಶಯ ಇವತ್ತಿನದಲ್ಲ. ಕಳೆದ ವರ್ಷ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ, "ತೆಗೆದಾಗ ಹೇಳಿ ಕಳಿಸ್ತೀವಿ" ಅಂದವರು ಆಮೇಲೆ ಫೋನೂ ಎತ್ತಲಿಲ್ಲ. ನಾಲ್ಕು ಜನ ಆಯಾಗಳು. ಅವರಲ್ಲಿ ಶೇಷಮ್ಮ ಈ ಏಪ್ರಿಲ್‌ನಲ್ಲಿ ಕೊರೋನಾ ತಗುಲಿ, ಮೂರು ಆಸ್ಪತ್ರೆಯ ಬಾಗಿಲು ಸುತ್ತಿ, ಆಟೋದಲ್ಲೇ ಪ್ರಾಣ ಬಿಟ್ಟಳು. ಆಗಲೂ ಶಾಲೆಯಿಂದ ಯಾರೂ ಬರಲಿಲ್ಲ. ಅಂಥ ಜಗದೀಶ್ ಹೋದ ವಾರ ತಾನಾಗಿಯೇ ಫೋನು ಮಾಡಿದ. ಜಟ್ಟೆಮ್ಮನ ಮಗಳು ಶಾಂಭವಿ ಅದೇ ಫೋನಿನಲ್ಲಿ ಏಳನೇ ಕ್ಲಾಸಿನ ಪಾಠ ಕೇಳುತ್ತಿದ್ದವಳು, ಪಾಠ ನಿಲ್ಲಿಸಿ ಅವ್ವನಿಗೆ ಕೊಟ್ಟಳು.

"ಸ್ಕೂಲ್ ಸ್ಟಾಫ್‌ಗೆ ಮೊದ್ಲು ಇಂಜೆಕ್ಷನ್ ಕೊಡ್ತಿದಾರೆ ಜಟ್ಟೆಮ್ಮ. ನಮ್ ಸ್ಕೂಲಲ್ಲೇ ಕ್ಯಾಂಪು. ಮಂಗಳವಾರ ಬಂದು ರೇಷನ್ ಕಿಟ್ ಇಸ್ಕೊಂಡ್ ಹೋಗು, ಶನಿವಾರ ನೀಲಿ ಸೀರೆ ಉಟ್ಕೊಂಡ್ ಬಾ."

ಮಂಗಳವಾರ ಹೋದಾಗ ಅಕ್ಕಿ, ಬೇಳೆ, ಎಣ್ಣೆ ಇದ್ದ ಚೀಲ ಕೊಟ್ಟು ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. "ಇದ್ಯಾತರ ಕಾಗದರೀ?" ಎಂದು ಜಟ್ಟೆಮ್ಮ ಕೇಳಿಯೇ ಕೇಳಿದ್ದಳು. "ಕಿಟ್ ತಗೊಂಡಿದ್ದಕ್ಕೆ. ನಿನ್ ಆಸ್ತಿ ಬರಿಸ್ಕೊತೀನಾ ನಾನು?" ಎಂದು ಜಗದೀಶ್ ನಕ್ಕಿದ್ದ. ಅವಳೂ ನಕ್ಕು ಒತ್ತಿದ್ದಳು.

ಇಂಜೆಕ್ಷನ್ ಬೇಕೇ ಬೇಕಿತ್ತು. ಶಾಲೆಯ ಸಂಬಳ ನಿಂತ ಮೇಲೆ ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆ ಹಿಡಿದು ಪಾತ್ರೆ ತಿಕ್ಕುತ್ತಿದ್ದಳು. ಅಲ್ಲಿನ ಗೇಟಿಗೆ ಈಗ ಒಂದು ಕಾಗದ ಅಂಟಿಸಿದ್ದರು: ಸೋಮವಾರದಿಂದ, ಸೂಜಿ ಚುಚ್ಚಿಸಿಕೊಂಡ ಮೆಸೇಜು ಫೋನಿನಲ್ಲಿ ತೋರಿಸದ ಕೆಲಸದವರಿಗೆ ಒಳಗೆ ಪ್ರವೇಶವಿಲ್ಲ. ಇವತ್ತು ಶನಿವಾರ.

ಮೊದಲು ಫೋಟೋ ಆಯಿತು. ದೊಡ್ಡ ಬ್ಯಾನರಿನ ಮುಂದೆ ಮೂವರು ಆಯಾಗಳನ್ನು ನೀಲಿ ಸೀರೆಯಲ್ಲಿ ಸಾಲಾಗಿ ನಿಲ್ಲಿಸಿ, "ನಗ್ರೇ, ಹೆಣ ಹೊರೋಕ್ ಬಂದೋರ್ ಥರ ನಿಂತಿದೀರ" ಎಂದು ಜಗದೀಶ್ ತಾನೇ ಮೊಬೈಲಿನಲ್ಲಿ ತೆಗೆದ. ಆಮೇಲೆ ಕೈಗೆ ಬಕೀಟು ಬಂತು. ವರ್ಷಕ್ಕೂ ಮೇಲೆ ಯಾರೂ ಕಾಲಿಡದ ಕಕ್ಕಸುಗಳು. ಕೆಳಗಿನ ಮಹಡಿಯದ್ದು ಕಟ್ಟಿಕೊಂಡಿತ್ತು, ಮೇಲಿನದರಲ್ಲಿ ಪಾರಿವಾಳ ಸತ್ತಿತ್ತು.

"ಇದನ್ನ ಚುಚ್ಚಿಸ್ಕೊಂಡವರು ಎರಡ ವರ್ಷಕ್ಕ ಸಾಯ್ತಾರಂತ. ಖರೇ ಏನ್ ಅಕ್ಕಾ?" ಎಂದು ಪೊರಕೆ ಬಡಿಯುತ್ತಲೇ ಕೇಳಿದಳು ಕಾವೇರಿ. ರಾಯಚೂರಿನ ಕಡೆಯವಳು, ಮೂವರಲ್ಲಿ ಚಿಕ್ಕವಳು.

"ಸಾಯೋ ಸೂಜಿ ಆಗಿದ್ರೆ, ಇವ್ರೆಲ್ಲಾ ಸೆಂಟ್ ಹೊಡ್ಕೊಂಡ್ ಬರ್ತಿದ್ರೇನೇ?" ಅಂದಳು ಗೋವಿಂದಮ್ಮ. ಹಲಸೂರಿನವಳು, ಇಪ್ಪತ್ತು ವರ್ಷದಿಂದ ಇದೇ ಶಾಲೆಯಲ್ಲಿ ಮಕ್ಕಳ ಮೂಗೊರೆಸಿದವಳು. "ಹೊರಗಡೆ ನೋಡು, ಕಾರ್ ನಿಲ್ಸಕ್ಕೆ ಜಾಗ ಇಲ್ಲ. ಇವ್ರಿಗೆ ಒಳ್ಳೇದು ಅಂತ ಗೊತ್ತಿಲ್ದೆ ಯಾವ್ದಾದ್ರೂ ಲೈನಲ್ಲಿ ನಿಂತಿದ್ನ ಕಂಡಿದೀಯಾ?"

"ಅವರಿಗೊಂದ್ ಸೀಸೆ, ನಮಗೊಂದ್ ಸೀಸೆ ಇಟ್ಟಿರಬೇಕು" ಅಂದಳು ಜಟ್ಟೆಮ್ಮ. "ನಾ ಕಣ್ಣಾರೆ ನೋಡಿ ಚುಚ್ಚಿಸ್ಕೊಳ್ಳಾಕಿ. ಅವರಿಗೆ ಹಾಕಿದ್ ಸೀಸೆಯಾಗಿಂದನ ನನಗೂ ಹಾಕಬೇಕು."

"ಹೂಂ, ಅವ್ರ ಎಂಜಲು ತಟ್ಟೇಲೂ ಊಟ ಕೊಡಿ ಅನ್ನು" ಎಂದು ಗೋವಿಂದಮ್ಮ ನಕ್ಕಳು. ಪಾರಿವಾಳವನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದಾಚೆ ಎಸೆದಳು.

ಹನ್ನೆರಡರ ಹೊತ್ತಿಗೆ ಜಟ್ಟೆಮ್ಮ ಎಲ್‌ಕೆಜಿ ಕೋಣೆಯ ಮುಂದಿನ ಪಡಸಾಲೆಗೆ ಬಂದಿದ್ದಳು. ಕ್ಯಾಂಪು ಆ ಕೋಣೆಯಲ್ಲೇ. ಗೋಡೆಯ ಮೇಲೆ ಆನೆ, ಒಂಟೆ, ನಗುವ ಸೂರ್ಯ. ಮಕ್ಕಳ ಮೊಳದೆತ್ತರದ ಕುರ್ಚಿಗಳನ್ನೆಲ್ಲ ಹೊರಗೆ ಒಟ್ಟಿ, ಟೀಚರಿನ ಒಂದು ದೊಡ್ಡ ಕುರ್ಚಿಯನ್ನು ಮೇಜಿನ ಪಕ್ಕ ಹಾಕಿದ್ದರು. ಮೇಜಿನ ಹಿಂದೆ ಶಿವಾಜಿನಗರದಿಂದ ಬಂದಿದ್ದ ನರ್ಸ್ ಬುಷ್ರಾ. ಬೆಳಗಿನಿಂದ ಒಂದು ಲೋಟ ಚಹಾ ಕೂಡ ಕುಡಿಯದೆ ಹೆಸರು ಕೂಗಿ ಕೂಗಿ ಅವಳ ಗಂಟಲು ಒಣಗಿತ್ತು.

ಜಟ್ಟೆಮ್ಮನಿಗೆ ಅಕ್ಷರ ಬಾರದು. ಆದರೆ ಕಿವಿ ಗಟ್ಟಿ. ಯಾದಗಿರಿ ಕಡೆಯ ತನ್ನೂರಿನಲ್ಲಿ ಶ್ರಾವಣದ ತಿಂಗಳಿಡೀ ಮಠದ ಅಂಗಳದ ಹೊರಗೆ, ಚಪ್ಪಲಿಗಳ ಪಕ್ಕ ಕೂತು ಪುರಾಣ ಕೇಳಿ ಬೆಳೆದವಳು. ಒಮ್ಮೆ ಕೇಳಿದ ಪದ್ಯ ಒಂದಕ್ಷರ ತಪ್ಪದೆ ಬಾಯಿಗೆ ಬರುತ್ತಿತ್ತು. ಈ ಶಾಲೆಯಲ್ಲೂ ಹನ್ನೊಂದು ವರ್ಷ ಬಾಗಿಲಾಚೆ ನಿಂತು ಹಾಜರಿ ಕೇಳಿದ್ದಳು. ಯಾವ ಮಗುವಿನ ತಾಯಿ ಯಾರು, ದೊಡ್ಡಮ್ಮ ಯಾರು, ಎಲ್ಲಾ ಹೆಸರೂ ಅವಳ ತಲೆಯಲ್ಲಿದ್ದವು.

"ಆಯಾ, ನಿಖಿತಾ" ಎಂದು ಬುಷ್ರಾ ಕೂಗಿದಳು.

ಜಟ್ಟೆಮ್ಮನ ಕೈಯ ಒದ್ದೆ ಬಟ್ಟೆ ನಿಂತಿತು. ನಿಖಿತಾ ಮೇಡಂ ಚಿಕ್ಕವೆಂಕಟಪ್ಪನವರ ತಮ್ಮನ ಮಗಳು. ಮೂಗಿಗೆ ಎರಡು ಮಾಸ್ಕು ಹಾಕಿಕೊಂಡು ಹೋಗಿ ಕೂತಳು, ಅಯ್ಯೋ ಅಂದಳು, ಎದ್ದು ಬಂದಳು.

"ಆಯಾ, ದೀಕ್ಷಾ."

ಅವರ ಅಕ್ಕ. ಮದುವೆಯಾಗಿ ಮಹದೇವಪುರದಲ್ಲಿರುವವಳು.

ಜಟ್ಟೆಮ್ಮ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತ ಕೇಳುತ್ತಲೇ ಇದ್ದಳು. ಆಯಾ ಅನುಷಾ. ಆಯಾ ರಶ್ಮಿ. ಗಂಡಸೊಬ್ಬ ಕೂಡ ಆಯಾ ಆಗಿ ಒಳಗೆ ಹೋಗಿ ತೋಳು ಉಜ್ಜುತ್ತ ಹೊರಬಂದ. ಹತ್ತು ಆದವು. ಕಾವೇರಿಯ ಹೆಸರಿಲ್ಲ, ಗೋವಿಂದಮ್ಮನದಿಲ್ಲ. ತನ್ನದಿಲ್ಲ.

"ಆಯಾ, ಪ್ರಿಯಾ. ಆಯಾ ಲಿಸ್ಟಲ್ಲಿ ಇದೇ ಲಾಸ್ಟು. ಆಮೇಲೆ ಡ್ರೈವರ್ ಲಿಸ್ಟು ತಗೊಳ್ತೀನಿ."

ಜಟ್ಟೆಮ್ಮ ಎದ್ದು ಬಾಗಿಲಲ್ಲಿ ನಿಂತಳು. "ಸಿಸ್ಟರ್, ನಾನೂ ಆಯಾ ಇದ್ದೀನ್ರೀ. ನಂದ್ಯಾವಾಗ ಕರೀತೀರಿ?"

ಬುಷ್ರಾ ತಲೆಯೆತ್ತಿದಳು. "ಹೆಸರು ಏನಮ್ಮಾ?"

"ಜಟ್ಟೆಮ್ಮ."

ಬುಷ್ರಾ ಕಾಗದಗಳನ್ನು ಮಗುಚಿದಳು. ಒಂದನ್ನು ಎಳೆದಳು. "ನೀವು ಬೇಡ ಅಂತ ಬರ್ಕೊಟ್ಟಿದೀರಲ್ಲಮ್ಮಾ? ಇಲ್ಲೇ ಐತೆ ನೋಡಿ, ಮೂರು ಜನದ್ದೂ ಹೆಬ್ಬೆಟ್ಟು ಐತೆ."

"ಏನ್ ಬರದೈತ್ರೀ? ಓದ್ರಿ."

"ಏಯ್, ಕೆಲ್ಸ ನೋಡ್ಕೊ ಹೋಗೇ" ಎಂದು ಜಗದೀಶ್ ಹಿಂದಿನಿಂದ ಬಂದ.

"ಓದ್ರಿ ಸಿಸ್ಟರ್."

ಬುಷ್ರಾ ಒಮ್ಮೆ ಜಗದೀಶನನ್ನು, ಒಮ್ಮೆ ಅವಳನ್ನು ನೋಡಿ ಓದಿದಳು: "'ಲಸಿಕೆಯ ಬಗ್ಗೆ ನನಗೆ ಭಯವಿರುವುದರಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಸರದಿಯನ್ನು ಸಂಸ್ಥೆಯ ಇತರರಿಗೆ ಸಂತೋಷದಿಂದ ಬಿಟ್ಟುಕೊಡುತ್ತಿದ್ದೇನೆ.'"

ಅಕ್ಕಿ, ಬೇಳೆ, ಎಣ್ಣೆ. ಜಟ್ಟೆಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಫಿನಾಯಿಲಿಗೆ ಅದರ ಚರ್ಮ ಬಿಳಿಚಿಕೊಂಡಿತ್ತು. ಸೂಜಿಯ ಮೇಲೆ ಸಂಶಯಪಟ್ಟಳು, ಸೀಸೆಯ ಮೇಲೆ ಪಟ್ಟಳು. ಕಾಗದದ ಮೇಲೆ ಪಟ್ಟ ಸಂಶಯವನ್ನು ಮಾತ್ರ ಒಂದು ನಗುವಿಗೆ ಬಿಟ್ಟುಕೊಟ್ಟಿದ್ದಳು.

"ಇದರಾಗ ಕಿಟ್ಟಿನ ಮಾತ ಇಲ್ಲಲ್ರೀ ಸಾರ್."

"ನೀವೇ ತಾನೇ ಕಕ್ಕಸಲ್ಲಿ ಮಾತಾಡ್ಕೊತಿದ್ದಿದ್ದು, ಚುಚ್ಚಿಸ್ಕೊಂಡ್ರೆ ಸಾಯ್ತಾರೆ ಅಂತ? ಕೇಳಿಸ್ಕೊಂಡೆ ನಾನು. ನಿಮ್ಮಂಥೋರಿಗೆ ಹಾಕಿ ವೇಸ್ಟ್ ಮಾಡೋಕೆ ಆಗುತ್ತಾ? ದೇಶದಲ್ಲಿ ಸಿಗ್ದೆ ಜನ ಒದ್ದಾಡ್ತಿದಾರೆ."

"ಕಕ್ಕಸಿನ ಮಾತು ಇವತ್ತಿಂದು. ಹೆಬ್ಬೆಟ್ಟು ಮಂಗಳವಾರದ್ದು."

ಸರದಿಯಲ್ಲಿದ್ದ ಪ್ರಿಯಾ ಮುಂದೆ ಬಂದು ಮೆತ್ತಗೆ ಹೇಳಿದಳು: "ಜಟ್ಟೆಮ್ಮಾ, ಬೇಜಾರ್ ಮಾಡ್ಕೋಬೇಡ. ಮುಂದಿನ ತಿಂಗಳು ಇನ್ನೊಂದು ಕ್ಯಾಂಪ್ ಇದೆ, ಫಸ್ಟ್ ನೀನೇ. ಮನೇಲಿ ಮಾವಂಗೆ ಶುಗರ್, ನಾವು ಹಾಕಿಸ್ಕೊಳ್ಳೇಬೇಕಲ್ವಾ?"

"ಸೂಜಿ ಇಲ್ದ ಸೋಮವಾರದಿಂದ ಅಪಾರ್ಟ್‌ಮೆಂಟಿನ ಗೇಟಿನ ಒಳಗ ನನ್ನ ಬಿಡಂಗಿಲ್ರೀ ಮೇಡಂ. ಎರಡೂ ಮನಿ ಹೋಗ್ತಾವ. ಮಗಳ್ನ ಕಟ್ಕೊಂಡು ಎಲ್ಲಿ ಹೋಗ್ಲಿ?"

"ನಾನು ಒಂದು ಲೆಟರ್ ಕೊಡಿಸ್ತೀನಿ ಅಪಾರ್ಟ್‌ಮೆಂಟ್‌ನವ್ರಿಗೆ."

"ಕಾಗದ ಸಾಕ್ರಿ" ಅಂದಳು ಜಟ್ಟೆಮ್ಮ.

ಬಟ್ಟೆಯನ್ನು ಬಕೀಟಿಗೆ ಹಾಕಿ ಒಳಗೆ ನಡೆದು ದೊಡ್ಡ ಕುರ್ಚಿಯ ಮೇಲೆ ಕೂತಳು. ಹನ್ನೊಂದು ವರ್ಷದಲ್ಲಿ ದಿನವೂ ಒರೆಸಿದ್ದಳು, ಕೂತದ್ದು ಇದೇ ಮೊದಲು. ಎಡಗೈಯ ರವಿಕೆ ತೋಳನ್ನು ಹೆಗಲವರೆಗೆ ಸುತ್ತಿದಳು.

"ಏಳೇ ಮೇಲೆ! ಎದ್ದೇಳೇ ಬೇವರ್ಸಿ!" ಜಗದೀಶ್ ಕುರ್ಚಿಯ ಹತ್ತಿರ ನುಗ್ಗಿದ. ಒಂದು ಮೊಳ ದೂರದಲ್ಲಿ ನಿಂತ. ಎಬ್ಬಿಸಬೇಕೆಂದರೆ ಅವಳನ್ನು ಮುಟ್ಟಬೇಕಿತ್ತು. ಅವನ ಕೈ ಗಾಳಿಯಲ್ಲೇ ಮಡಚಿಕೊಂಡಿತು. "ರಾಮು! ಬಾರೋ ಇಲ್ಲಿ, ಎಳೆದ್ ಹಾಕೋ ಇವಳ್ನ!"

ರಾಮು ಬಾಗಿಲಿನಿಂದ ಇಣುಕಿದ. ಜಟ್ಟೆಮ್ಮನನ್ನು ನೋಡಿದ. "ಗೇಟಲ್ಲಿ ಯಾರೂ ಇಲ್ಲ ಸಾರ್" ಎಂದು ಹೊರಟೇಹೋದ.

"ಬೇಗ ಏನಾದ್ರೂ ಮಾಡಿ ಸಾರ್" ಅಂದಳು ಬುಷ್ರಾ. "ಸೀಸೆ ಓಪನ್ ಮಾಡಿದೀನಿ. ಓಪನ್ ಮಾಡಿದ್ ನಾಲ್ಕು ತಾಸಲ್ಲಿ ಖಾಲಿ ಆಗ್ಬೇಕು, ಇಲ್ಲಾಂದ್ರೆ ಬಿಸಾಕೋದೇ."

"ಇನ್ನೊಂದ್ ಕುರ್ಚಿ ಹಾಕ್ಸಿದ್ರಾಯ್ತು. ಕೂತಿರ್ಲಿ ಇವ್ಳು, ಬೇರ್ ಬಿಡೋವರೆಗೂ ಕೂತಿರ್ಲಿ. ಕಾವೇರಿ! ಆಫೀಸಿಂದ ಒಂದು ಕುರ್ಚಿ ತಾರೇ!"

ಆ ಶಾಲೆಯಲ್ಲಿ ಕುರ್ಚಿ ಹೊರುವವರು ಆಯಾಗಳೇ. ಕಾವೇರಿ ತಲೆಯ ಮೇಲೆ ಕುರ್ಚಿ ಹೊತ್ತು ತಂದಳು. ಬಾಗಿಲಲ್ಲಿ ನಿಂತು ಸುತ್ತ ನೋಡಿದಳು. ಜಟ್ಟೆಮ್ಮ ಮೇಜಿನ ಮೇಲಿನ ಕಾಗದದ ಕಡೆ ಗದ್ದ ತಿರುಗಿಸಿ, "ಸೂಜಿ ಬ್ಯಾಡಂತ ಬರದಾರ. ನಿನ್ ಹೆಬ್ಬೆಟ್ಟೂ ಐತಿ ಅದರಾಗ" ಅಂದಳು ಅಷ್ಟೇ. ಕಾವೇರಿ ಕುರ್ಚಿಯನ್ನು ಜಟ್ಟೆಮ್ಮನ ಪಕ್ಕಕ್ಕೆ ಇಟ್ಟಳು. ಅದರ ಮೇಲೆ ತಾನೇ ಕೂತಳು.

"ಗೋವಿಂದಮ್ಮಾ!" ಜಗದೀಶನ ದನಿ ಒಡೆದಿತ್ತು. "ನೀನಾದ್ರೂ ಹಳಬಳು, ಬುದ್ಧಿ ಇರೋಳು. ಇನ್ನೊಂದ್ ತಾ."

ಗೋವಿಂದಮ್ಮ ನಿಧಾನವಾಗಿ, ಮಂಡಿ ನೋವಿಗೆ ಎರಡು ಸಲ ನಿಂತು, ಮೂರನೆಯ ಕುರ್ಚಿ ತಂದಳು. ಸೆರಗಿನಿಂದ ಅದರ ಧೂಳು ಝಾಡಿಸಿದಳು. ಪ್ರಿಯಾ ಸೀರೆ ಎತ್ತಿಕೊಂಡು ಮುಂದೆ ಹೆಜ್ಜೆಯಿಟ್ಟಳು. "ಇರವ್ವಾ, ಮಂಡಿ ಭಾಳ ನೋಯ್ತಿದೆ" ಎಂದು ಗೋವಿಂದಮ್ಮ ತಾನು ಕೂತು, ತೋಳು ಸುತ್ತತೊಡಗಿದಳು.

ಹೊರಗೆ ಸರದಿಯಲ್ಲಿ ಗುಜುಗುಜು ಎದ್ದಿತು. ಯಾರೋ ಗಂಟೆ ಕೇಳಿದರು. ಯಾರೋ ವಿಡಿಯೋ ಮಾಡಬೇಡಿ ಅಂದರು. ಬುಷ್ರಾ ಗೋಡೆಯ ಗಡಿಯಾರ ನೋಡಿದಳು, ಸೀಸೆ ನೋಡಿದಳು. ಯಾರ ಹೆಸರನ್ನೂ ಕೂಗದೆ ಒಂದು ಸೂಜಿಗೆ ಔಷಧಿ ಎಳೆದುಕೊಂಡಳು.

"ಸಿಸ್ಟರ್" ಅಂದಳು ಜಟ್ಟೆಮ್ಮ, ಸೂಜಿಯ ತುದಿಯಿಂದ ಕಣ್ಣು ತೆಗೆಯದೆ. "ಅವರಿಗೆ ಹಾಕಿದ್ದ ಸೀಸೆಯಾಗಿಂದೇ ಏನ್ರೀ ಇದು? ಖರೇ ಹೇಳ್ರಿ."

"ಅದೇ ಅಮ್ಮಾ. ಅಲ್ಲಾನ ಆಣೆ."

"ಹಂಗಾರ ಹೆಸರ ಮೊದಲ ಬರ್ಕೋರಿ. ಆಮ್ಯಾಲ ಚುಚ್ರಿ."

ಬುಷ್ರಾಳ ಪೆನ್ನು ಪಟ್ಟಿಯ ಮೇಲೆ ನಿಂತಿತು. "ಪಟ್ಟಿಗೆ ಸೇರಿಸ್ಬೇಕಾದ್ರೆ ನೀವು ಸ್ಕೂಲಲ್ಲಿ ಏನು ಅಂತ ಅವ್ರು ಹೇಳ್ಬೇಕಮ್ಮಾ. ನಾನ್ ಹೇಳೋ ಹಂಗಿಲ್ಲ."

ಕಿಟಕಿಯ ಹತ್ತಿರ ಜಗದೀಶ್ ಇವರಿಗೆ ಬೆನ್ನು ಹಾಕಿ ಪೊಲೀಸ್ ಠಾಣೆಗೆ ಫೋನು ಹಚ್ಚಿದ್ದ. "ಹೌದು ಸಾರ್, ಗಲಾಟೆ... ಎದ್ದೇಳ್ತಾ ಇಲ್ಲ... ಮೂರು ಜನ ಹೆಂಗಸ್ರು... ಹೊರಗಡೆಯವ್ರಲ್ಲ ಸಾರ್, ಇಲ್ಲ ಇಲ್ಲ. ನಮ್ ಸ್ಕೂಲ್ ಆಯಾಗಳೇ."

ಜಟ್ಟೆಮ್ಮ ಬುಷ್ರಾಳತ್ತ ತಿರುಗಿದಳು.

"ಕೇಳಿದ್ರಿಲ್ಲ? ಬರ್ಕೋರಿ."