ಗಾಳಿ ತಾಗದ ಹಾಗೆ

"ಇನ್ನೊಂದ್ಸಲ ಚುಚ್ಚಬೇಕು," ಎಂದು ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಡಾಕ್ಟರಮ್ಮ ಹೇಳಿದ್ದೇ ತಡ, ಬಸ್ ಕಂಡಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟ. ಅವನ ಬಲದವಡೆ ಕೊರಡಿನಂತೆ ಗಟ್ಟಿಯಾಗಿ ಊದಿತ್ತು. ಬಾಯಿ ತೆರೆಯಲಾಗದೆ ಹಲ್ಲು ಕಚ್ಚಿಕೊಂಡೇ ಮಾತಾಡಿದ.

"ಬೆಳಗ್ಗೆ ತಾನೇ ಚುಚ್ಚಿದ್ರಲ್ಲ! ನನ್ ಮುಖ ಏನು ಜರಡಿನಾ? ನಾಳೆ ಹೆಂಗೂ ದವಡೆ ತೆಗೀತಾರೆ. ತೆಗೀಲಿ, ಪೀಡೆ ತೊಲಗಲಿ."

"ಬಾಯೇ ಬಿಡೋಕಾಗಲ್ಲ, ಆದ್ರೂ ಬಾಯಿಗೆ ಬಂದಂಗೆ ಮಾತಾಡ್ತಾರೆ," ಎಂದಳು ಹೆಂಡತಿ. "ಏನಾಯ್ತು ಹೇಳಿ ಮೇಡಂ."

ಡಾಕ್ಟರಮ್ಮ ಮುಚ್ಚಿಡಲಿಲ್ಲ. ತಪ್ಪು ಅವರದೇ. ಎಲ್ಲರೂ ಕ್ಯಾನ್ಸರ್ ಎಂದಿದ್ದರು, ಅವರೂ ಅದನ್ನೇ ಹುಡುಕಲು ಕೂತಿದ್ದರು. ದಿನವೂ ಮಾಡುವ ಹಾಗೆ, ಸೂಜಿಗೆ ಬಂದ ಕೀವನ್ನೆಲ್ಲ ಗಾಜಿನ ಪಟ್ಟಿಗಳ ಮೇಲೆ ಹರಡಿ ಸ್ಪಿರಿಟ್ಟಿನಲ್ಲಿ ಅದ್ದಿಬಿಟ್ಟಿದ್ದರು. ಆಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಕ್ಯಾನ್ಸರಿನ ಸುಳಿವೇ ಇಲ್ಲ. ಸಿಕ್ಕುಬಿದ್ದ ನೂಲಿನುಂಡೆಯಂಥ ಸಣ್ಣ ಕಾಳುಗಳು.

"ಇದು ಅಪರೂಪದ ಒಂದು ರೋಗಾಣು ಇರಬೇಕು. ಅದೇ ಆಗಿದ್ರೆ ದವಡೆ ಉಳಿಯುತ್ತೆ, ತಿಂಗಳುಗಟ್ಟಲೆ ಪೆನ್ಸಿಲಿನ್ ಕೊಟ್ರೆ ವಾಸಿಯಾಗುತ್ತೆ. ಆದ್ರೆ ಆಪರೇಷನ್ ಡಾಕ್ಟರು ಬರೀ ಕಾಳು ನೋಡಿ ಒಪ್ತಿಲ್ಲ. ಲ್ಯಾಬಿನವರು ಆ ರೋಗಾಣುನ ಬೆಳೆಸಿ ನೋಡೋಕೆ ತಗೊಂಡ್ರೆ ಮಾತ್ರ ನಾಳೆಯ ಆಪರೇಷನ್ ಮುಂದಕ್ಕೆ ಹಾಕ್ತಾರಂತೆ. ಬೆಳೆಸೋಕೆ ಅದು ಬದುಕಿರಬೇಕು. ನಾನು ಸ್ಪಿರಿಟ್ಟಿಗೆ ಹಾಕಿ ಎಲ್ಲಾನೂ ಸಾಯಿಸಿಬಿಟ್ಟೆ."

ಕಂಡಕ್ಟರ್ ಬಾಗಿಲಿನತ್ತ ನಡೆದ. ಹೆಂಡತಿ ಅಡ್ಡ ನಿಂತಳು.

"ದವಡೆ ಹೋದ್ಮೇಲೆ ಅಯ್ಯೋ ಅಂದ್ರೆ ಬರುತ್ತಾ? ನಿಮ್ ಕಾಲಿಗೆ ಬೀಳ್ತೀನಿ, ಕೂತ್ಕೊಳ್ಳಿ."

ಅವಳು ನಿಜವಾಗಿಯೂ ಬಗ್ಗಿದಳು. ಅವನು ಹೆದರಿ ಅವಳ ತೋಳು ಹಿಡಿದೆತ್ತಿ, ಕುರ್ಚಿಗೆ ವಾಪಸು ಬಂದು ಕೂತ. ಸೂಜಿ ತಾಗುವ ಮೊದಲೇ ಅವನ ಕಣ್ಣಲ್ಲಿ ನೀರಿತ್ತು.

ಈ ಸಲ ಬಂದದ್ದು ಒಂದೆರಡು ಹನಿ. ಡಾಕ್ಟರಮ್ಮ ಸಿರಿಂಜಿನ ಗಾಳಿಯನ್ನು ಹೊರದೂಡಿ, ಸೂಜಿಯ ಮೊನೆಯನ್ನು ರಬ್ಬರ್ ಬಿರಡೆಗೆ ಚುಚ್ಚಿ, ಹೆಂಡತಿಯ ಕೈಗಿಟ್ಟರು.

"ಗಾಳಿ ತಾಗಿದ್ರೆ ಇದು ಸಾಯುತ್ತೆ. ಲ್ಯಾಬು ಹಿಂದಿನ ಕಟ್ಟಡದಲ್ಲಿ. ಆಳಿಗೆ ಕಾಯೋದು ಬೇಡ, ನೀವೇ ಓಡಿ. ನಾನು ಫೋನ್ ಮಾಡಿರ್ತೀನಿ."

ಅವಳು ಓಡಿದಳು. ಗಾಲಿಕುರ್ಚಿಗಳ ನಡುವೆ, ಒರೆಸಿದ ಒದ್ದೆ ನೆಲದ ಮೇಲೆ, ಬೈಯುವವರ ಬೈಗುಳ ಕೇಳಿಸಿಕೊಳ್ಳದೆ ಓಡಿದಳು. ಗಂಡನ ಮುಖ ತಿನ್ನುತ್ತಿದ್ದ ಈ ಪೀಡೆಗೆ ದಿನಬೆಳಗಾದರೆ ಹಿಡಿಶಾಪ ಹಾಕುತ್ತಿದ್ದವಳು. ಈಗ "ಸಾಯಬೇಡ, ಸಾಯಬೇಡ ಕಣೋ," ಎನ್ನುತ್ತ ಅದನ್ನೇ ಎದೆಗವಚಿಕೊಂಡಿದ್ದಳು.

ಲ್ಯಾಬಿನ ಕಿಟಕಿಯಲ್ಲಿ ಕನ್ನಡಕದವನೊಬ್ಬ ಟ್ರೇ ಮುಂದೆ ತಳ್ಳಿದ.

"ಫೋನ್ ಬಂದಿತ್ತು. ಇದರಲ್ಲಿಡಿ."

"ಗಾಳಿ..." ಎಂದಳು ಏದುಸಿರಿನಲ್ಲಿ.

"ಬಿರಡೆ ಇದೆಯಲ್ಲ, ಏನಾಗಲ್ಲ. ಬಿಡಿ ಅಮ್ಮ."

ಬಿಡಬೇಕೆಂದೇ ಅವಳಿಗೂ ಇತ್ತು, ಆದರೆ ಬೆರಳುಗಳು ಮಾತು ಕೇಳಲಿಲ್ಲ. ಅವನು ಕಿಟಕಿಯಿಂದ ಎರಡೂ ಕೈ ಚಾಚಿ, ಮೊದಲು ಹೆಬ್ಬೆರಳು, ಆಮೇಲೆ ಉಳಿದವು, ನಿಧಾನವಾಗಿ ಒಂದೊಂದನ್ನೇ ಬಿಡಿಸಿದ.