ನಗದೆ ಹತ್ತಿದ ಮೆಟ್ಟಿಲು

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಹೆಂಗಸರೇ ಮಾಡಿಕೊಂಡ ಕಟ್ಟಳೆಯೊಂದಿತ್ತು. ಮಹಡಿಯ ಮೇಲಿನ ಮ್ಯಾನೇಜರ್ ಹತ್ತಿರ ಏನನ್ನಾದರೂ ಕೇಳಲು ಹೋಗುವವಳು ಮೊದಲು ಮನಸಾರೆ ನಗಬೇಕು. ನಗದೆ ಮೆಟ್ಟಿಲು ಹತ್ತುವಂತಿಲ್ಲ. ಇಸ್ತ್ರಿ ಕೋಣೆಯಲ್ಲಿ ದುಡಿಯುತ್ತಿದ್ದ ಅತ್ತಿಗೆ-ನಾದಿನಿಯರಲ್ಲಿ ನಗಿಸುವ ಕೆಲಸ ಅತ್ತಿಗೆಯದು. ಅವಳು ಚಾದರವೊಂದನ್ನು ಕೋಟಿನಂತೆ ಹೊದ್ದು, ಇಲ್ಲದ ಕನ್ನಡಕವನ್ನು ಊದಿ ಒರೆಸಿ, "ಬೇಗ ಹೇಳಮ್ಮಾ, ನನಗೆ ಉಸಿರಾಡೋಕೂ ಪುರುಸೊತ್ತಿಲ್ಲ" ಎಂದು ಮ್ಯಾನೇಜರನ್ನು ಅಣಕಿಸಿದರೆ ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಗುತ್ತಿತ್ತು. ಆ ನಗು ಆರುವ ಮೊದಲೇ ಮೇಲೆ ಹೋದವಳು ಕೆಟ್ಟ ಫ್ಯಾನಿನ ರಿಪೇರಿಯನ್ನೋ ಅರ್ಧ ದಿನದ ರಜೆಯನ್ನೋ ಗಿಟ್ಟಿಸಿಕೊಂಡೇ ಇಳಿಯುತ್ತಿದ್ದಳು.

ಈಗ ಕೇಳಬೇಕಾಗಿದ್ದದ್ದು ಅತ್ತಿಗೆಗಾಗಿಯೇ. ಹಬೆಯ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಅವಳ ಬಲಗೈ ಸುಟ್ಟಿತ್ತು. ಗಾಯ ಮಾಗಿದರೂ ಬೆರಳುಗಳು ಬಗ್ಗುತ್ತಿರಲಿಲ್ಲ. ಇನ್ನು ಬರುವುದು ಬೇಡವೆಂದು ಹೇಳಿ ಕಳಿಸಿದ್ದರು. ಒಗೆದ ಬಟ್ಟೆ ಮಡಚುವ ಮೇಜಿನಲ್ಲಾದರೂ ಒಂದು ಜಾಗ ಕೊಡಿ ಎಂದು ಕೇಳಲು ನಾದಿನಿ ಹೊರಟಿದ್ದಳು. ಮೊದಲೇ ಪುಕ್ಕಲು. ಆಡಬೇಕಾದ ಮಾತನ್ನು ಬೆಳಗಿನಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ, ಅದು ಸವೆದೇ ಹೋಗಿತ್ತು.

"ನಿಲ್ಲೇ, ನಗದೆ ಹೋಗ್ತೀಯಾ?" ಮಡಚುವ ಮೇಜಿನ ಅಜ್ಜಿ ತಡೆದಳು. ಚಾದರ ಹೊದ್ದು ನಿಂತಳು. "ಬೇಗ ಹೇಳಮ್ಮಾ..." ಉಳಿದದ್ದು ಕೆಮ್ಮಿನಲ್ಲಿ ಮುಳುಗಿತು.

"ಅಜ್ಜೀ, ಇದು ಮ್ಯಾನೇಜರ್ ಅಲ್ಲ, ಅವರ ಹೆಣ," ಎಂದಳೊಬ್ಬಳು. ಅದಕ್ಕೂ ಯಾರೂ ನಗಲಿಲ್ಲ.

"ಹೋಗ್ಲಿ ಬಿಡು. ಶಾಸ್ತ್ರಕ್ಕಾದ್ರೂ ಹಲ್ಲು ಕಿರಿ."

ನಾದಿನಿ ಹಲ್ಲು ಕಿರಿದಳು. ಮುಖ ಸಡಿಲಿಸಿದರೆ ಅಳು ಬಂದೀತೆಂದು ಹೆದರಿ, ಹಾಗೆಯೇ ಮೆಟ್ಟಿಲು ಹತ್ತಿದಳು. ಅದೇ ತಪ್ಪಾಯಿತು.

ಮ್ಯಾನೇಜರ್ ತಲೆಯೆತ್ತಿದ. "ಏನಮ್ಮಾ, ಭಾರಿ ಖುಷಿಯಲ್ಲಿದ್ದೀಯ?"

ನಾದಿನಿಯ ತುಟಿಗಳು ಹಲ್ಲು ಕಿರಿದಂತೆಯೇ ಬಿಗಿದುಕೊಂಡಿದ್ದವು. ಮುಚ್ಚಲೂ ಆಗದು, ಮಾತಿಗೆ ತೆರೆಯಲೂ ಆಗದು.

"ಕೆಳಗೆ ಎಲ್ಲ ಸರಿಯಾಗಿದೆ ತಾನೆ?"

"ಹೂಂ ಸರ್."

"ಒಳ್ಳೇದಾಯ್ತು. ನಿಮ್ಮತ್ತಿಗೆ ಜಾಗಕ್ಕೆ ನಾಳೆಯಿಂದ ಹೊಸಬಳು ಬರ್ತಾಳೆ. ನೀನೇ ಕೆಲಸ ಹೇಳ್ಕೊಡು."

"ಆಗ್ಲಿ ಸರ್."

ಇಳಿಯುತ್ತ ಅವಳು ನಡುಮೆಟ್ಟಿಲಲ್ಲಿ ನಿಂತಳು. ಹಿಂದೆ ಎರಡು ಸಲ ಇದೇ ಮನುಷ್ಯನ ಮುಂದೆ ನಿಂತು ಕೇಳಿರಲಿಲ್ಲವೇ? ಆಗ ಮೈಯಲ್ಲಿ ಇನ್ನೂ ನಗುವಿತ್ತು. ಅದು ಇರುವಷ್ಟು ಹೊತ್ತು ತನಗೂ ಒಂದು ಬದುಕಿದೆ, ಅದಕ್ಕಾಗಿ ಬಾಯಿ ಬಿಡಬಹುದು ಅನ್ನಿಸುತ್ತಿತ್ತು. ಧೈರ್ಯ ತನ್ನದೇ ಎಂದುಕೊಂಡಿದ್ದಳು. ಅಲ್ಲವೇನೋ. ಅತ್ತಿಗೆ ಕೊಟ್ಟು ಕಳಿಸುತ್ತಿದ್ದದ್ದೇನೋ.

ಮನೆಗೆ ಬಂದರೆ ಮಂಚದ ತುಂಬ ಬಟ್ಟೆ. ಅತ್ತಿಗೆ ಅಂಗಿಯೊಂದನ್ನು ಬಲ ಮೊಣಕೈಯಿಂದ ಒತ್ತಿ ಹಿಡಿದು, ಎಡಗೈಯಿಂದ ಮಡಚುತ್ತಿದ್ದಳು.

"ನೋಡೇ, ಮೂಲೆ ಎಷ್ಟು ನೇರ ಬಂದಿದೆ! ಮನೇಲಿರೋದೆಲ್ಲ ಮಡಚಿ ಆಯ್ತು. ನಿಮ್ಮಣ್ಣನ ಮೈಮೇಲಿರೋದೊಂದು ಬಾಕಿ. ಅವನು ನಿಂತ್ರೆ ಅದನ್ನೂ ಮಡಚ್ತೀನಿ, ಅವನ ಸಮೇತ."

ನಗಬೇಕಾದ ಮಾತು. ನಾದಿನಿಗೆ ನಗು ಬರಲಿಲ್ಲ.

"ಏನಂದ?"

"ಅವ್ರು... ಇವತ್ತು ರಜ ಅಂತೆ, ಅತ್ತಿಗೆ."

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಮಡಚಿದ್ದ ಅಂಗಿಯನ್ನು ಕೊಡವಿ ಬಿಡಿಸಿ, ಮೊದಲಿನಿಂದ ಶುರುಮಾಡಿದಳು. ತೋಳು ಜಾರಿತು. ನಾದಿನಿ ಹಿಡಿದುಕೊಳ್ಳಲು ಕೈ ಚಾಚಿದಳು.

"ಬಿಡೇ," ಎಂದಳು ಅತ್ತಿಗೆ. "ಅಲ್ಲಿ ಲಾಂಡ್ರೀಲಿ ಯಾರು ಹಿಡೀತಾರೆ?"